ಕಾರಣ ಸಿಗದೆ ಬಿಡದ ಗಾದಿಲಿಂಗ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ನಡೆದರೆ ಗಾದಿಲಿಂಗನ ಮೋಟರ್ ವೈಂಡಿಂಗ್ ಅಂಗಡಿ. ಅಂಗಡಿ ಅಂದರೆ ಏನು, ಒಂದು ತಗಡಿನ ಶೆಡ್ಡು, ಅದರ ತುಂಬಾ ಸುಟ್ಟ ಮೋಟರುಗಳು, ತಾಮ್ರದ ತಂತಿ, ವಾರ್ನಿಶ್ ವಾಸನೆ. ಇಂಥ ಅಂಗಡಿ ಊರಲ್ಲಿ ಇನ್ನೂ ಇವೆ. ಆದರೂ ರೈತರು ಇವನ ಹತ್ತಿರವೇ ಬರೋದು, ಅದೂ ಬೈದುಕೊಂಡೇ ಬರೋದು! ಸುಮ್ಮನೆ ಸುತ್ತಿ ಕೊಡುವ ಆಸಾಮಿಯೇ ಅಲ್ಲ ಅವನು.

ಒಂದು ಸಲ ದೇಶನೂರಿನ ಓಬಳೇಶ ಆಟೋದಲ್ಲಿ ಮೋಟರ್ ತಂದು ಇಳಿಸಿದ.

"ಸುಟ್ಟೈತಪ್ಪ. ಲಗೂನ ಸುತ್ತಿ ಕೊಡು, ಗದ್ದಿ ಒಣಗಾಕ ಹತ್ತೈತಿ."

"ಯಾಕ ಸುಡ್ತು?"

"ಅದು ಗೊತ್ತಿದ್ರ ನಿನ್ನತ್ರ ಯಾಕ ತರ್ತಿದ್ದೆ ಲೇ?"

"ಕರೆಂಟ್ ಹೆಂಗಿತ್ತು ಅವತ್ತು? ಸ್ಟಾರ್ಟರ್ ಯಾರು ಒತ್ತಿದ್ರು? ಫ್ಯೂಸಿಗೆ ಎಂಥ ತಂತಿ ಹಾಕಿದ್ದಿ?"

"ಏ ಮಾರಾಯ, ನಿನ್ನ ಅಂಗಡಿಗಿಂತ ಪೊಲೀಸ್ ಸ್ಟೇಷನ್ ವಾಸಿ. ಅಲ್ಲಿ ಒಂದ್ ಕಪ್ ಚಾನಾದ್ರೂ ಕುಡಸ್ತಾರ."

ಗಾದಿಲಿಂಗ ನಗಲಿಲ್ಲ, ಮೋಟರ್ ಬಿಚ್ಚಿದ. ಎಲ್ಲ ಸುರುಳಿಯೂ ಒಂದೇ ಸಮ ಕರ್ರಗಾಗಿದ್ದರೆ ಒಂದು ಕಾರಣ. ಒಂದಿಷ್ಟು ಸುಟ್ಟು ಒಂದಿಷ್ಟು ಹೊಸದರಂತೆ ಹೊಳೆಯುತ್ತಿದ್ದರೆ ಬೇರೆ ಕಾರಣ: ಮೂರು ಫೇಸಿನಲ್ಲಿ ಒಂದು ಹೋಗಿದೆ, ಪಾಪದ್ದು ಎರಡರ ಮೇಲೆಯೇ ಓಡಿ ಓಡಿ ಸತ್ತಿದೆ. ಓಬಳೇಶನದು ಎರಡನೆಯದು. ಗಾದಿಲಿಂಗ ಮೋಟರ್ ಸುತ್ತಿ, ತಾನೇ ದೇಶನೂರಿಗೆ ಹೋಗಿ ಫ್ಯೂಸ್ ಡಬ್ಬಿ ಸರಿಮಾಡಿ ಬಂದ. ಆ ಮೋಟರ್ ಮತ್ತೆ ಅಂಗಡಿ ಮುಖ ನೋಡಿಲ್ಲ. ಆಗಿದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತೆ, ಬಿಚ್ಚಿ ನೋಡುವ ತಾಳ್ಮೆ ಬೇಕು ಅಷ್ಟೇ ಅಂತ ಅವನು ಗಟ್ಟಿಯಾಗಿ ನಂಬಿದ್ದ. ನಂಬಿದ್ದು ತಪ್ಪಾಗಿದ್ದೂ ಇಲ್ಲ, ಹೋದ ವರ್ಷದವರೆಗೆ.

ಹೋದ ವರ್ಷ ಅವನ ಹೆಂಡತಿ ಜಯಶ್ರೀ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣು ಕೂಸು. ಉಸಿರಿರಲಿಲ್ಲ.

ಗಾದಿಲಿಂಗ ಅಳಲಿಲ್ಲ. ಕೇಳಲು ಹೊರಟ. ನರ್ಸನ್ನು ಕೇಳಿದ, ಡಾಕ್ಟರನ್ನು ಕೇಳಿದ, ಸ್ಕ್ಯಾನಿಂಗಿನವನ ಬಾಗಿಲು ಬಡಿದ. ಯಾಕೆ? ನಿನ್ನೆ ಸರಿ ಇತ್ತಲ್ಲ, ಇವತ್ತು ಯಾಕೆ? ಅವನು ಮಹಡಿಯಿಂದ ಮಹಡಿಗೆ ತಿರುಗಿ ಬರುವಷ್ಟರಲ್ಲಿ ಮಾವನ ಕಡೆಯ ಹಿರಿಯರು ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಣ್ಣು ಮಾಡಲು ಹೋಗಿಯಾಗಿತ್ತು.

ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ಜಯಶ್ರೀ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು, ಇವನು ಬೆನ್ನ ಹಿಂದೆ ಕೂತಿರುತ್ತಿದ್ದ.

"ಆವತ್ತು ತುಂಬಿದ ಕೊಡ ಯಾಕ ಎತ್ತಿದಿ?"

ಜಯಶ್ರೀ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡಳು.

"ಹೊಟ್ಟ್ಯಾಗ ಕೂಸು ಮಿಸುಕವಲ್ದು ಅಂತ ಮುಂಜಾನಿನ ಯಾಕ ಹೇಳಲಿಲ್ಲ? ಬೈಯಾಕತ್ತಿಲ್ಲ ಜಯಾ, ಸುಮ್ಮನ ಕೇಳಾಕತ್ತೀನಿ."

ಅವನು ನಿಜವಾಗಲೂ ಬೈಯುತ್ತಿರಲಿಲ್ಲ. ಓಬಳೇಶನನ್ನು ಕೇಳಿದ ದನಿಯಲ್ಲೇ ಇವಳನ್ನೂ ಕೇಳುತ್ತಿದ್ದ. ಒಂದು ಬೆಳಿಗ್ಗೆ ಜಯಶ್ರೀ ತವರಿಗೆ, ಕುರುಗೋಡಿಗೆ ಹೋದಳು. ತಿಂಗಳುಗಳು ಉರುಳಿದವು, ಬರಲಿಲ್ಲ. ಫೋನೂ ಎತ್ತಲಿಲ್ಲ.

ಗಾದಿಲಿಂಗನ ಅಂಗಡಿ ಅರ್ಧ ದಿನ ಮುಚ್ಚಿರತೊಡಗಿತು. ಕೊನೆಗೆ ಜಯಶ್ರೀಯ ತಮ್ಮ ಮಾರೇಶನ ಫೋನ್ ಬಂತು.

"ಮಾವ, ಬಸವಣ್ಣನ ಮ್ಯಾಲ ಆಣಿ ಮಾಡಿ ಹೇಳ್ತೀನಿ, ಇದೊಂದ್ ಸಲ ಬಂದು ಅಕ್ಕನ್ನ ಕರಕೊಂಡ್ ಹೋಗು. ಇಲ್ಲಾಂದ್ರ ಅಪ್ಪ ಬರೋ ವಾರ ಹಿರೇರನ್ನ ಕುಂದರಿಸಿ ನಿಮ್ಮಿಬ್ಬರ್ದೂ ಬಿಡುಗಡಿ ಮಾಡಿಸ್ತಾನ. ಆದ್ರ ಒಂದು ಮಾತು. ಕರಿಯಾಕ ಬಾ, ಕೇಳಾಕ ಬರಬ್ಯಾಡ."

"ಆತಪ್ಪ, ಏನೂ ಕೇಳಂಗಿಲ್ಲ," ಅಂದ ಗಾದಿಲಿಂಗ. ಅಂದವನು ಸೀದಾ ಕುರುಗೋಡಿಗೆ ಹೋದನಾ? ಇಲ್ಲ! ಮೊದಲು ಬಳ್ಳಾರಿಗೆ ಹೋದ. ಗಾಂಧಿನಗರದಲ್ಲಿ ಹೆರಿಗೆ ನೋಡುವ ಸುನಂದಾ ಡಾಕ್ಟರ್ ಹತ್ತಿರ ಕೂತ.

"ಎಷ್ಟೋ ಸಲ ಕಾರಣ ಸಿಗೋದೇ ಇಲ್ಲಪ್ಪ," ಅಂದರು ಅವರು ಮೆತ್ತಗೆ. "ಸಿಕ್ಕರೆ ಮುಂದಿನ ಸಲ ಹುಷಾರಾಗಿರಬಹುದು. ಹೆಂಡತೀನ ಕರ್ಕೊಂಡು ಬಾ, ನೋಡೋಣ. ಆದರೆ ಅವರಿಗೆ ಮನಸ್ಸಾದಾಗ."

ಗಾದಿಲಿಂಗನ ಕಿವಿಗೆ ಬಿದ್ದದ್ದು 'ಸಿಕ್ಕರೆ' ಅನ್ನುವ ನಡುವಿನ ಮಾತೊಂದೇ.

ಕುರುಗೋಡಿನ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಬಿದ್ದಿತ್ತು. ಜಯಶ್ರೀ ಕೂತು ತೊಟ್ಟು ಮುರಿಯುತ್ತಿದ್ದಳು. ಗಾದಿಲಿಂಗ ಒಳಗೆ ಬರುತ್ತಲೇ ಘಾಟಿಗೆ ನಾಲ್ಕಾರು ಸಲ ಸೀನಿದ.

"ಬರ್ರಿ, ಕುಂದರ್ರಿ," ಅಂದಳು ಅತ್ತೆ ವಿರೂಪಮ್ಮ. ನೀರು ಕೊಟ್ಟು ಒಳಗೆ ಹೋದಳು. ಬಾಗಿಲ ಹಿಂದೆಯೇ ನಿಂತಳು ಅನ್ನಿ.

ಗಾದಿಲಿಂಗ ರಾಶಿಯ ಈಚೆ ಕೂತು ತಾನೂ ಒಂದೊಂದೇ ಕಾಯಿ ತೆಗೆದು ತೊಟ್ಟು ಮುರಿಯತೊಡಗಿದ. ಬೆರಳು ಉರಿಯಿತು.

"ಮನಿಗೆ ಬಾ ಜಯಾ. ನೀ ಇಲ್ದ ನನ್ನ ಕೈಲಿ ಆಗವಲ್ದು. ತಂತಿ ಸುತ್ತಾಕ ಕುಂತ್ರ ಲೆಕ್ಕ ತಪ್ಪತೈತಿ."

"ಬಂದ್ರ ಮತ್ತ ಕೇಳ್ತೀರಿ."

"ಇಲ್ಲ. ಏನೂ ಕೇಳಂಗಿಲ್ಲ."

ಜಯಶ್ರೀಯ ಕೈ ನಿಂತಿತು. ಬಂದಾಗಿನಿಂದ ಮೊದಲ ಸಲ ಅವನ ಮುಖ ನೋಡಿದಳು.

"ಕೊಡ ಕೇಳಿದ್ರಿ. ಗುಳಗಿ ಕೇಳಿದ್ರಿ. ಯಾವ ಮಗ್ಗಲಾ ಮಲಗಿದ್ದಿ ಅಂತ ಕೇಳಿದ್ರಿ. ಕೂಸು ಹೆಂಗಿತ್ತು ಅಂತ ಒಂದ್ ಸಾರಿನಾದ್ರೂ ಕೇಳಿದ್ರೇನು?"

ಗಾದಿಲಿಂಗ ಹಿಡಿದ ಕಾಯಿ ಕೆಳಗಿಟ್ಟ. ಹೌದು, ಕೇಳಿರಲಿಲ್ಲ. ತನ್ನ ಮಗಳ ಮುಖ ಹೇಗಿತ್ತು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಆ ಮುಖವನ್ನು ಕಣ್ತುಂಬ ನೋಡಿದವಳು ಇವಳೊಬ್ಬಳೇ, ಅದನ್ನು ಇಷ್ಟು ದಿನ ಒಬ್ಬಳೇ ಹೊತ್ತಿದ್ದಾಳೆ.

"ಹೆಂಗಿತ್ತು?" ಅಂದ. ಮೆಣಸಿನಕಾಯಿ ಕೈಯಲ್ಲೇ ಕಣ್ಣೊರೆಸಿಕೊಂಡ, ಕಣ್ಣು ಧಗಧಗ ಉರಿದು ಇನ್ನಷ್ಟು ನೀರು ಸುರಿಯಿತು.

ಜಯಶ್ರೀ ತನ್ನ ಸೆರಗಿನ ತುದಿ ಒದ್ದೆ ಮಾಡಿ ಅವನಿಗೆ ಕೊಟ್ಟಳು. ಹತ್ತಿರ ಸರಿದಳು.

"ನಿಮ್ಮ ಕಿವೀನ ಐತ್ರಿ ಅದಕ್ಕ. ಹಣಿ ನಮ್ಮವ್ವನ್ದು. ತಲಿ ತುಂಬ ಕೂದ್ಲ. ಕೈ ಹಿಂಗ ಮುಷ್ಟಿ ಹಿಡಿದಿತ್ತು, ನಾ ಬಿಡಿಸಿ ನೋಡ್ದೆ. ಉಗುರು ಎಷ್ಟುದ್ದ ಅಂತೀರಿ, ಬೆರಳು ದಾಟಿ ಬಂದಿದ್ವು. ಹುಟ್ಟಿದ ಕೂಡ್ಲೇ ಕತ್ತರಿಸ್ಬೇಕಾಗಿತ್ತು, ಅಷ್ಟುದ್ದ..."

ಅವಳ ಮುಖದ ಮೇಲೆ ಎಂಥದೋ ಬೆಳಕು ಬಂದಿತ್ತು. ತವರಿನವರು ಯಾರೂ ಈ ಮಾತು ಕೇಳಿರಲಿಲ್ಲ ಅನ್ನಿಸುತ್ತೆ.

"ಉಗುರು ಉದ್ದ ಇದ್ವಾ?" ಅಂದ ಗಾದಿಲಿಂಗ.

"ಹೂಂರಿ."

"ಅಂದ್ರ ದಿನ ದಾಟಿತ್ತು. ಜಯಾ, ದಿನ ದಾಟಿದ ಕೂಸಿಗೆ ಹಂಗ ಉಗುರು ಬೆಳೀತಾವಂತ, ನಮ್ಮವ್ವ ಹೇಳ್ತಿದ್ಲು. ನೀ ದಿನ ಲೆಕ್ಕ ತಪ್ಪಿ ಹೇಳಿದ್ಯಾ ಡಾಕ್ಟರಿಗೆ? ಯಾಕ ತಪ್ಪಿತು?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು.

ಜಯಶ್ರೀ ಸೆರಗು ಎಳೆದುಕೊಂಡಳು. ಎದ್ದಳು. ಅಂಗಳದ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಅಗುಳಿ ಬಿದ್ದ ಸದ್ದಾಯಿತು.

"ಜಯಾ! ತಪ್ಪಾತು! ಸುಳ್ಳ ಅಂದೆ! ನನಗೇನೂ ಗೊತ್ತಿಲ್ಲ ಜಯಾ!" ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತ. "ಮತ್ತ ಹೇಳು, ಹಣಿ ಹೆಂಗಿತ್ತು ಹೇಳು. ನಿಮ್ಮವ್ವನ್ದು ಅಂದ್ಯಲ್ಲ..."

ಒಳಗಿಂದ ಬಂದದ್ದು ಒಂದೇ ಮಾತು. ಅದೂ ಅವನಿಗಲ್ಲ.

"ಅವ್ವಾ, ಉಣಿಸಿ ಕಳಿಸವ್ವ ಅವರ್ನ."

ವಿರೂಪಮ್ಮ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಗಾದಿಲಿಂಗನನ್ನು ಹೆಚ್ಚು ಹೆದರಿಸಿತು. "ಉಣ್ರಿ. ಬರೋ ವಾರ ನಿಮ್ಮ ಕಡಿಯಿಂದ ಯಾರಾದ್ರೂ ಹಿರೇರನ್ನ ಕರಕೊಂಡ್ ಬರ್ರಿ," ಅಂದಳು.

ಅವನು ತುತ್ತು ಮುರಿದು ಬಾಯಿಗಿಟ್ಟ. ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಬೇಡ, ಬೇಡ ಅಂತ ತಲೆ ಅಲ್ಲಾಡಿಸಿದ. ಆದರೂ ತಾಟಿನ ಮರೆಯಲ್ಲಿ, ಅವನ ಎಡಗೈ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ತನ್ನಷ್ಟಕ್ಕೆ ತಾನೇ ಬಸಿರಿನ ತಿಂಗಳು ಎಣಿಸುತ್ತಿತ್ತು.