ವಾವೆ ವರಸೆಯಲ್ಲಿ ಸಿಕ್ಕಿಬಿದ್ದ ರಕ್ತಪಿಶಾಚಿ

ಗೆಳೆಯರೇ, ನಾನು ಆನ್‌ಲೈನ್‌ನಲ್ಲಿ ಬರೆಯುವ ಧಾರಾವಾಹಿಯಲ್ಲಿ ಇಂದು ಸಂಜೆ ಬರಬೇಕಿದ್ದ ಮುತ್ತು ಬರುವುದಿಲ್ಲ. ಕಾರಣ, ಜಡಿಗೇನಹಳ್ಳಿಯ ನಮ್ಮ ಸೋದರತ್ತೆ.

ನಾಯಕ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುವ ರಕ್ತಪಿಶಾಚಿ. ನಾಯಕಿ ಹುಣ್ಣಿಮೆಗೆ ತೋಳವಾಗುವ ಹೊಸಕೋಟೆ ಹುಡುಗಿ. ಅವನ ಬಿಸಿಯುಸಿರು ಅವಳ ಕತ್ತಿಗೆ ತಾಕಿತು ಎಂಬಲ್ಲಿಗೆ ಹೋದ ವಾರ ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ಅತ್ತೆ ಫೋನ್ ಹಿಡಿದುಕೊಂಡೇ ಮನೆಗೆ ಬಂದರು.

"ಲೋ, ಮೊದಲನೇ ಕಂತಲ್ಲಿ ಇವ್ನು ಅವಳಪ್ಪನ ರಕ್ತ ಕುಡಿದಿದ್ನಲ್ಲೋ? ಆ ಮನೆ ರಕ್ತ ಇವನ ಮೈ ಸೇರ್ತು. ಅವಳು ತಂಗಿ ಆಗ್ಬೇಕು ಕಣೋ!"

"ಅತ್ತೆ, ಅವನು ಪಿಶಾಚಿ!"

"ಪಿಶಾಚಿ ಆದ್ರೆ ವಾವೆ ವರಸೆ ಬೇಡ್ವಾ?"

ವಾದಿಸಿ ಸೋತೆ. ಅಪ್ಪನನ್ನು ಬಿಡಿಸಿ, ಅವಳ ಸೋದರಮಾವನ ಕತ್ತಿಗೆ ಹಲ್ಲು ಹಾಕಿಸಿ ಮೊದಲ ಕಂತನ್ನೇ ತಿದ್ದಿದೆ. ಅತ್ತೆಯ ಮುಖ ಅರಳಿತು.

"ಈಗ ಮಾವನ ಕಡೆಯೋನಾದ, ಹೆಣ್ಣು ಕೊಡಬೌದು. ಮೊದ್ಲು ತಾಳಿ, ಆಮೇಲೆ ಮುತ್ತು. ಬೆಳಗಿನ ಮುಹೂರ್ತ ಇಡು."

"ಬಿಸಿಲಿಗೆ ಬಂದರೆ ಅವನು ಸುಟ್ಟು ಬೂದಿಯಾಗ್ತಾನೆ ಅತ್ತೆ!"

"ಛತ್ರದೊಳಗೆ ಬಿಸಿಲೆಲ್ಲೈತೋ?"

ಮುನ್ನೂರು ವರ್ಷದ ಪಿಶಾಚಿಗೆ ಕಾಯುವುದು ಹೊಸದಲ್ಲ. ಓದುಗರೂ ದಯವಿಟ್ಟು ಕಾಯಿರಿ, ನಾನು ಕಿಟಕಿಯಿಲ್ಲದ ಛತ್ರ ಹುಡುಕುತ್ತಿದ್ದೇನೆ.