ಶರಣಪ್ಪನ ಹಡಗಿಗೆ ಐದು ಸಲಕರಣೆ

ಮೂರು ವರ್ಷದ ಹಿಂದೆ, ನಿವೃತ್ತಿಗೆ ಒಂದೇ ವರ್ಷ ಬಾಕಿ ಇದ್ದಾಗ, ನಾನು ಪುಣೆಯ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೆ. ಪೆಟ್ಟು ತಿಂದ ಕೈಗೆ ದಿನನಿತ್ಯದ ಕೆಲಸ ಮತ್ತೆ ಕಲಿಸುವುದು ನಮ್ಮ ವೃತ್ತಿ. ಧಾರವಾಡದವಳೆಂದು ಕನ್ನಡದ ರೋಗಿಗಳನ್ನೆಲ್ಲ ನನ್ನ ಬಳಿಗೇ ಕಳಿಸುತ್ತಿದ್ದರು. ಹಾಗೆ ಪಕ್ಕದ ಭೋಸರಿಯ ಕಾರ್ಖಾನೆಯಿಂದ ಬಂದವನು ಶರಣಪ್ಪ.

ಯಾದಗಿರಿ ಕಡೆಯವನು, ವಯಸ್ಸು ಮೂವತ್ತೆಂಟು. ತಗಡು ಒತ್ತುವ ಪ್ರೆಸ್ ಮಷಿನ್ನಿಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳುಗಳ ತುದಿ ಹೋಗಿದ್ದವು. ಗಾಯ ಮಾಯ್ದಿತ್ತು. ಕೈ ಮಾತ್ರ ಪ್ಯಾಂಟಿನ ಕಿಸೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೆಂಡತಿ ಮಲ್ಲಮ್ಮ ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ಹಾಕಿಕೊಟ್ಟರೆ ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ.

"ಮಂದಿ ಮುಂದ ಉಣ್ಣೋದ ಬಿಟ್ಟಾರ್ರಿ ಅಕ್ಕಾರ," ಎಂದಳು ಮಲ್ಲಮ್ಮ. ಅವನು ತನ್ನ ರೊಟ್ಟಿ ತಾನೇ ಮುರಿಯಬೇಕು ಎಂದು ನಾನು ಅಂದೇ ಫೈಲಿನಲ್ಲಿ ಬರೆದೆ.

ಅದಕ್ಕೆ ಬೇಕಾದದ್ದು ಪಿಂಚ್, ಅಂದರೆ ಹೆಬ್ಬೆರಳು ಉಳಿದ ಬೆರಳಿಗೆ ಕೂಡಿ ಹಿಡಿಯುವ ಹಿಡಿತ. ಇದನ್ನು ಬೆಳೆಸಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒತ್ತಿಸುತ್ತೇವೆ. ಒಂದು ಡಬ್ಬಿ ಮುಂದಿಟ್ಟೆ. ಅವನು ಮೊಣಕೈಯಿಂದ ಅದನ್ನು ಸರಿಸಿ, "ನಾ ಏನ್ ಸಣ್ಣ ಕೂಸೇನ್ರಿ?" ಎಂದ.

ಸಿಟ್ಟು ನನಗೂ ಮೂಗಿನ ತುದಿಯಲ್ಲೇ. ಡಬ್ಬಿಯನ್ನು ಕಪಾಟಿನಲ್ಲಿ ಧಡ್ಡನೆ ಇಟ್ಟೆ. ಅದೇ ಕಪಾಟಿನಲ್ಲಿ ಹಳೆಯ ರೋಗಿಯೊಬ್ಬರು ಮಾಡಿಕೊಟ್ಟ ಗೇಣುದ್ದದ ಮರದ ಹಡಗಿತ್ತು. ಶರಣಪ್ಪನ ಕಣ್ಣು ಅದರ ಮೇಲೆ ನಿಂತಿತು.

"ಇದನ್ನ ಕೈಲೇ ಮಾಡ್ಯಾರೇನ್ರಿ?"

"ಹೌದು. ನಿನ್ನಂಥಾ ಕೈಲೇ."

ಅಂಥದೇ ಹಡಗು ಮಾಡುವ ಸಲಕರಣೆ ಕೊಳ್ಳಲು ಮುಂದಿನ ರವಿವಾರ ಮೂವರೂ ಪೇಟೆಗೆ ಹೋದೆವು. ಅಂಗಡಿಯವನು ದೊಡ್ಡ ಸೆಟ್ ತೆರೆದಿಟ್ಟ. ಶರಣಪ್ಪನಿಗೆ ಸುತ್ತಿಗೆಯಿಂದ ಹಿಡಿದು ಎಲ್ಲವೂ ಬೇಕು. ಮೊದಲ ಹಡಗಿಗೆ ಐದೇ ಸಾಕು ಎಂದೆ: ಸಣ್ಣ ಚಾಕು, ನುಣ್ಣನೆ ಹಲ್ಲಿನ ಗರಗಸ, ಚಿಮಟ, ಅಳೆಯುವ ಸ್ಟೀಲ್ ಪಟ್ಟಿ, ಉಜ್ಜುವ ಕಾಗದ. ಒಂದು ಷರತ್ತು ಹಾಕಿದೆ. ಕೊಳ್ಳುವ ಮೊದಲು ಪ್ರತಿಯೊಂದನ್ನೂ ಬಲಗೈಯಲ್ಲಿ ಹಿಡಿದು ನೋಡಬೇಕು.

ಚಾಕುವನ್ನು ಮೊದಲು ಎಡಗೈಯಲ್ಲಿ ಎತ್ತಿ ಕೆಳಗಿಟ್ಟ. ಆಮೇಲೆ ಬಲಗೈ ಕಿಸೆಯಿಂದ ಹೊರಬಂತು. ಮಲ್ಲಮ್ಮ ಉಸಿರು ಬಿಗಿಹಿಡಿದಳು, ನಾನೂ ಹಿಡಿದೆ. ಅಂಗಡಿಯವನು ಬೆರಳು ನೋಡಿದ, ಚಾಕು ನೋಡಿದ, "ಜಪೂನ್, ಧಾರ್ ಆಹೇ" ಎಂದ. ಜೋಪಾನ, ಹರಿತವಾಗಿದೆ ಎಂದು ಎಲ್ಲ ಗಿರಾಕಿಗಳಿಗೂ ಹೇಳುವ ಮಾತು. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಚೌಕಾಸಿ ಮಾಡುವುದನ್ನೇ ಮರೆತೆ.

ಇನ್ನೊಂದನ್ನೂ ಮರೆತಿದ್ದೆ. ಹಡಗಿನ ಪಕ್ಕೆಗೆ ತೆಳು ಹಲಗೆಯನ್ನು ಬಗ್ಗಿಸಿ ಅಂಟಿಸಿದರೆ, ಅಂಟು ಒಣಗುವ ತನಕ ಏನಾದರೂ ಅದನ್ನು ಬಿಗಿಯಾಗಿ ಹಿಡಿದಿರಬೇಕು. ಅದಕ್ಕೆ ನಾನು ಏನೂ ಕೊಡಿಸಿರಲಿಲ್ಲ. ಬೇಕೆಂದೇ ಹಾಗೆ ಮಾಡಿದೆ ಎಂದು ಸಹೋದ್ಯೋಗಿಗಳು ಹೊಗಳಿದ್ದುಂಟು. ನಿಜವಾಗಿ ಅದು ನನ್ನ ದಡ್ಡತನ.

ಎರಡು ವಾರದ ಮೇಲೆ ಶರಣಪ್ಪ ಅರ್ಧ ಕಟ್ಟಿದ ಹಡಗನ್ನು ಚೀಲದಲ್ಲಿ ತಂದ. ಅದರ ಅಂಚಿನ ತುಂಬ ಸಾಲಾಗಿ ಕೆಂಪು, ನೀಲಿ ಬಟ್ಟೆ ಕ್ಲಿಪ್ಪುಗಳು!

"ಹಗ್ಗದ ಮ್ಯಾಲ ಒಂದೂ ಬಿಟ್ಟಿಲ್ರಿ," ಮಲ್ಲಮ್ಮ ದೂರಿದಳು. "ನಮ್ಮ ಅರಿವಿ ಹಾರಿ ಮಂದಿ ಅಂಗಳಕ್ಕ ಬೀಳ್ಲಿಕ್ಕತ್ತಾವ."

"ಯಾವ ಕೈಲೇ ಹಾಕಿದಿ?" ಎಂದೆ.

"ಎಡಗೈಯಾಗ ಹಲಗಿ ಹಿಡಿದಿರ್ತೀನಲ್ರಿ ಮೇಡಂ, ಮತ್ತ..." ಅಲ್ಲಿಗೆ ನಿಲ್ಲಿಸಿ ತನ್ನ ಬಲಗೈಯನ್ನು ನೋಡಿಕೊಂಡ. ನಾನು ಕಪಾಟಿನಿಂದ ಆ ಹಳೆಯ ಡಬ್ಬಿ ತೆಗೆದು ಅವನ ಮುಂದಿಟ್ಟೆ. ಈ ಸಲ ಅದನ್ನು ಸರಿಸಲಿಲ್ಲ, ಚೀಲಕ್ಕೆ ಹಾಕಿಕೊಂಡ.

ಹಡಗು ಮುಗಿಯಲು ಐದು ತಿಂಗಳು ಹಿಡಿಯಿತು. ತುಸು ಎಡಕ್ಕೆ ವಾಲಿತ್ತು, ಆ ಮಾತು ನಾವು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಕಾರ್ಖಾನೆಯವರು ಅವನಿಗೆ ಸ್ಟೋರಿನಲ್ಲಿ ಕೆಲಸ ಕೊಟ್ಟಿದ್ದರು. ಶರಣಪ್ಪ, ಮಲ್ಲಮ್ಮ ಕರೆದರೆಂದು ಅವರ ಮನೆಗೆ ಊಟಕ್ಕೆ ಹೋದೆ.

ರೋಗಿಗೆ ಮೊದಲು ವ್ಯಾಯಾಮ ಹೇಳಬೇಡ, ಅವನು ಮಾಡಬಯಸುವ ಕೆಲಸ ಯಾವುದೆಂದು ಕೇಳು. ಕೈಗೆ ಏನು ಬೇಕೋ ಅದನ್ನು ಕೆಲಸವೇ ಹುಡುಕಿಕೊಳ್ಳುತ್ತದೆ. ಮೂವತ್ತು ವರ್ಷದ ನೌಕರಿ ಕಲಿಸದ ಈ ಪಾಠವನ್ನು ನಾನು ಕಲಿತದ್ದು ಆ ತಾಟಿನ ಮುಂದೆ. ಮಲ್ಲಮ್ಮ ರೂಢಿಯಂತೆ ಗಂಡನ ರೊಟ್ಟಿಗೆ ಕೈ ಹಾಕಿದಳು. "ಬಿಡು, ನಾ ಮುರೀತೀನಿ," ಎಂದ ಶರಣಪ್ಪ. ಹೆಬ್ಬೆರಳು ಮೋಟು ಬೆರಳಿಗೆ ಕೂಡಿತು, ಒಮ್ಮೆ ಜಾರಿತು, ಮತ್ತೆ ಕೂಡಿತು. ಮುರಿದ ಆ ಮೊದಲ ತುಂಡನ್ನು ಅವನು ಹೆಂಡತಿಯ ತಾಟಿಗೆ ಹಾಕಿದ.