ಖಾಲಿ ಗಣಿಯೂರಿನ ಹೊಗೆ

ಸಾವಿರದ ಒಂಬೈನೂರ ಮೂವತ್ತನಾಲ್ಕರ ಬೇಸಿಗೆ ಇರಬೇಕು. ಶಿರಸಿಯಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ ಇತ್ತು. ಮದುಮಕ್ಕಳನ್ನು, ಶಾಲು ಹೊದ್ದ ಅಜ್ಜಂದಿರನ್ನು ಬಿಟ್ಟರೆ ಬೇರೇನನ್ನೂ ತೆಗೆದವನಲ್ಲ ನಾನು. ಒಂದು ದಿನ ಮ್ಯಾಂಗನೀಸ್ ಗಣಿಯೊಂದರ ಮ್ಯಾನೇಜರು ಬಂದರು. ಅದಿರಿಗೆ ಬೆಲೆ ಬಿದ್ದು, ಯಲ್ಲಾಪುರದ ಕಾಡಿನೊಳಗಿದ್ದ ಅವರ ಗಣಿ ಮುಚ್ಚಿತ್ತು.

“ಅಲ್ಲೀಗ ನರಪಿಳ್ಳೆಯೂ ಇಲ್ಲ. ಖಾಲಿ ಊರಿನ ಫೋಟೋ ತೆಗೆದು ಕೊಡಿ. ಅದನ್ನು ತೋರಿಸಿ ಜಾಗ ಅರಣ್ಯದವರಿಗೆ ಒಪ್ಪಿಸ್ತೇವೆ. ಗುಡಿಸಲು ಸುಟ್ಟು ಹಾಕೋದು ಅವರ ಕೆಲಸ” ಎಂದರು.

ಇಬ್ರಾಹಿಂ ಸಾಬರ ಲಾರಿಯಲ್ಲಿ ಹೊರಟೆ. ರಸ್ತೆ ಮುಗಿದಲ್ಲಿಂದ ಕ್ಯಾಮೆರಾ ನಾನು, ಅದರ ಮೂರುಕಾಲಿನ ಸ್ಟ್ಯಾಂಡ್ ಅವರು ಹೊತ್ತು ನಡೆದೆವು. ತಿರುವು ದಾಟಿದ್ದೇ ತಡ, ಇಬ್ಬರೂ ನಿಂತುಬಿಟ್ಟೆವು. ಸಾಲು ಗುಡಿಸಲುಗಳು, ಒಂದೊಂದರ ಮಾಡಿನಿಂದಲೂ ಹೊಗೆ!

“ಎಂತ ಮಾರಾಯ್ರೆ ಇದು? ಖಾಲಿ ಅಂದಿದ್ರಲ್ಲ?” ಎಂದರು ಸಾಬರು.

ಕೂಗಿದೆವು. ಉತ್ತರವಿಲ್ಲ. ಒಂದು ತಟ್ಟಿ ಬಾಗಿಲು ಸರಿಸಿ ಇಣುಕಿದೆ. ಒಲೆ ಉರಿಯುತ್ತಿದೆ, ಮೇಲೆ ಪಾತ್ರೆಯಿಲ್ಲ. ಪಕ್ಕದ ಮನೆಯಲ್ಲೂ ಹಾಗೆಯೇ. ಅಡುಗೆಯಿಲ್ಲದೆ ಊರಿಗೆ ಊರೇ ಒಲೆ ಹಚ್ಚಿ ಎಲ್ಲಿ ಹೋಯಿತು? ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಬೇರೆ ಗಣಿಗೆ ಬಂದೆವೇನೋ ಎಂದುಕೊಂಡೆ.

ಅಷ್ಟರಲ್ಲಿ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. “ಯಾರ್ ಬೇಕಾಗಿತ್ರಿ?” ಎಂದಳು. ಹೆಸರು ಬಸವ್ವ. ಗಣಿ ಕೆಲಸಕ್ಕೆಂದು ಹಾವೇರಿ ಕಡೆಯಿಂದ ಗಂಡನೊಡನೆ ಬಂದವಳು. ಗಂಡನೂ ಉಳಿದವರೂ ಬೇರೆ ಕೂಲಿ ಹುಡುಕಿಕೊಂಡು ಹೋಗಿದ್ದರು. ಇವಳು ಯಲ್ಲಾಪುರದ ಸಂತೆಯಲ್ಲಿ ಸೀಗೆಕಾಯಿ ಮಾರಿ ಹೊಟ್ಟೆ ಹೊರೆಯುತ್ತಿದ್ದಳು.

“ಒಲಿ ಹಚ್ಚದಿದ್ರ ಮಾಡಿನ ಹುಲ್ಲಿಗೆ ಹುಳ ಬೀಳ್ತಾವ್ರಿ. ಗಣಿ ತೆರದ್ರ ಹೊಳ್ಳಿ ಬರ್ತೀವಿ ಅಂದಾರ. ಬಂದಾಗ ಮನಿ ನಿಂತಿರಬೇಕಲ್ರಿ?”

ಎಲ್ಲ ಒಲೆಗಳನ್ನೂ ಇವಳೊಬ್ಬಳೇ ಉರಿಸುತ್ತಿದ್ದಳು. ನನಗೆ ಸುಳ್ಳು ಹೇಳಲಾಗಲಿಲ್ಲ. ಫೋಟೋ ಯಾತಕ್ಕೆ, ಆಮೇಲೆ ಗುಡಿಸಲುಗಳ ಗತಿ ಏನು, ಎಲ್ಲ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಕ್ಯಾಮೆರಾವನ್ನೇ ನೋಡುತ್ತ ಕೇಳಿದಳು: “ಇದರಾಗ ಹೊಗಿ ಕಾಣ್ತೈತೇನ್ರಿ?”

“ಕಾಣ್ತದೆ.”

ತಕ್ಷಣ ಸೌದೆ ಕೆಳಗೆ ಹಾಕಿ, ಹಸಿ ಸೊಪ್ಪು ಮುರಿದು ಒಲೆಗಳಿಗೆ ತುರುಕತೊಡಗಿದಳು. ನೋಡುತ್ತ ನಿಂತಿದ್ದ ಸಾಬರೂ ಪಂಚೆ ಎತ್ತಿ ಕಟ್ಟಿ ಸೊಪ್ಪು ಮುರಿಯಲು ಹೋದರು! ಹೊಗೆ ದಟ್ಟವಾಗಿ ಎದ್ದಿತು.

“ನೀನೂ ಬಾಗಿಲಲ್ಲಿ ನಿಲ್ಲವ್ವ” ಎಂದೆ.

“ಬ್ಯಾಡ್ರಿ. ನಾ ಕಂಡ್ರ ಒಬ್ಬಾಕಿ ಅದಾಳ ಅಂತಾರ. ಹೊಗಿ ಕಂಡ್ರ ಮಂದಿ ಅದಾರ ಅಂತಾರ” ಎಂದು ಗುಡಿಸಲ ಹಿಂದೆ ಸರಿದಳು. ನಾನು ಫೋಟೋ ತೆಗೆದೆ.

ಶಿರಸಿಯಲ್ಲಿ ಫೋಟೋ ನೋಡಿದ ಮ್ಯಾನೇಜರು ಹುಬ್ಬು ಗಂಟಿಕ್ಕಿದರು. “ಎಷ್ಟು ಜನ ಇದ್ದಾರೆ?” ಒಬ್ಬಳೆಂದರೆ ಅವಳ ಮನೆಗಳು ಬೂದಿ. ಬಹಳ ಜನ ಎನ್ನಲು ನಾಲಿಗೆ ಹೊರಳಲಿಲ್ಲ. “ಎಣಿಸಲಿಲ್ಲ” ಎಂದೆ. “ಹಾಗಾದರೆ ಈಗ ಒಪ್ಪಿಸೋದು ಬೇಡ, ಮಳೆಗಾಲ ಕಳೆಯಲಿ” ಎಂದು ಅವರು ಎದ್ದುಹೋದರು.

ಸಾಬರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಸಮಾಧಾನವಿಲ್ಲ. ಮ್ಯಾನೇಜರಿಗೆ ನಿಜ ಹೇಳಿದ್ದರೆ, ಮನೆಗಳು ಹೋದರೂ ಅವಳು ಗಂಡನಿದ್ದಲ್ಲಿಗಾದರೂ ಹೋಗುತ್ತಿದ್ದಳಲ್ಲ? ಆ ಜಡಿಮಳೆಯಲ್ಲಿ ಒದ್ದೆ ಸೌದೆ ಹಿಡಿದು ಒಬ್ಬಳೇ ಮನೆಯಿಂದ ಮನೆಗೆ ಓಡಾಡುವಂತೆ ಮಾಡಿದವನು ನಾನೇ ಎಂದು ಸಂಕಟವಾಗುತ್ತಿತ್ತು.

ದೀಪಾವಳಿ ಹೊತ್ತಿಗೆ ನಾನು ಮಲೇರಿಯಾದಿಂದ ಮಲಗಿದ್ದೆ. ಲಾರಿಯಲ್ಲಿ ಆ ಕಡೆ ಹೋಗಿಬಂದ ಸಾಬರು ನೋಡಲು ಬಂದರು. “ಎಲ್ಲಾ ಮನೆಲೂ ಹೊಗೆ ಎದ್ದಿದೆ!” ಎಂದರು.

ನಾನು ದಡಬಡಿಸಿ ಎದ್ದು ಕುಳಿತೆ. “ಜನ ಬಂದಿದ್ದಾರಾ ಸಾಬ್ರೆ?”

“ದೂರದಿಂದ ನೋಡಿದ್ದು. ಹೊಗೆ ಮಾತ್ರ ಕಂಡಿದ್ದು ಮಾರಾಯ್ರೆ.”

ಮ್ಯಾನೇಜರಿಗೆ ನಾನು ಕೊಟ್ಟಂಥ ಉತ್ತರವೇ ನನಗೂ ಸಿಕ್ಕಿತು. ಊರು ತುಂಬಿತೆಂದು ಸಂತೋಷಪಡಬೇಕೋ, ಅವಳಿನ್ನೂ ಒಬ್ಬಳೇ ಎಂದು ಅಳಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.